ಬನ್ನಣ್ಣನ ಸ್ಟ್ರೆಸ್ಸು

ಬನ್ನಣ್ಣನಿಗೆ ಸ್ಟ್ರೆಸ್ ಇದೆಯಂತೆ ಎಂಬ ಸುದ್ದಿ ಬೇಕರಿಗೆ ಮುಟ್ಟಿದಾಗ ಅಲ್ಲಿ ಯಾರೂ ನಂಬಲಿಲ್ಲ. ಹಿಟ್ಟು ನಾದುವವನು ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡ. ಕೇಕಿನ ಮೇಲೆ ಕ್ರೀಮು ಬಳಿಯುವ ಹೆಂಗಸು, ಈ ಮನುಷ್ಯನಿಗೇ ಸ್ಟ್ರೆಸ್ ಬಂದರೆ ಮಿಕ್ಕವರೆಲ್ಲ ಇಷ್ಟು ಹೊತ್ತಿಗೆ ಹುಚ್ಚಾಸ್ಪತ್ರೆಯಲ್ಲಿ ಇರಬೇಕಿತ್ತು ಎಂದಳು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತಲೆ ಕೆಡಿಸಿಕೊಳ್ಳುವುದು ಎಂಬ ವಿದ್ಯೆಯನ್ನು ಬನ್ನಣ್ಣನಿಗೆ ಯಾರೂ ಕಲಿಸಿರಲಿಲ್ಲ.

ಆ ಹೆಸರು ಬಂದದ್ದೂ ಹಾಗೆಯೇ. ಮೀಸೆ ಚಿಗುರುವ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಒಂದು ತಟ್ಟೆ ಬನ್ನು ಕರಿಕಲು ಮಾಡಿದ್ದ. ಮಾಲೀಕರು ಕೆಂಡಾಮಂಡಲವಾಗಿ ಬೈಯುತ್ತ ನಿಂತಿದ್ದರೆ ಇವನು ಅದರಲ್ಲೊಂದನ್ನು ಎತ್ತಿಕೊಂಡು, ಮೇಲಿನ ಕರಿ ಕೆರೆದು, ಕಚ್ಚಿ ನೋಡಿ, ಒಳಗೆ ಚೆನ್ನಾಗಿ ಬೆಂದಿದೆ ಸಾರ್ ಎಂದ. ಮಾಲೀಕರಿಗೆ ಮುಂದಿನ ಬೈಗುಳ ಮರೆತುಹೋಯಿತು. ಅಂದಿನಿಂದ ಅವನು ಬನ್ನಣ್ಣ. ಈಗ ಹೆತ್ತವರು ಇಟ್ಟ ಹೆಸರು ಹಿಡಿದು ಯಾರಾದರೂ ಕೂಗಿದರೆ, ಪಾಪ ಯಾರನ್ನೋ ಕರೆಯುತ್ತಿದ್ದಾರೆ ಎಂದು ಅವನೂ ಎಲ್ಲರ ಜೊತೆ ಹಿಂದೆ ತಿರುಗಿ ನೋಡುತ್ತಾನೆ.

ಅವನ ಕೆಲಸ ಒಲೆಯ ಬಾಯಲ್ಲಿ. ಬೇಕರಿಯ ಹಿಂಭಾಗದಲ್ಲಿ ಗೋಡೆಯಷ್ಟು ಅಗಲದ ಇಟ್ಟಿಗೆ ಒಲೆ, ಅದಕ್ಕೊಂದು ಕಬ್ಬಿಣದ ಬಾಗಿಲು, ಬಾಗಿಲು ಸರಿಯಾಗಿ ಅವನ ಸೊಂಟದ ಮಟ್ಟಕ್ಕೆ. ಉದ್ದ ಹಿಡಿಯ ಮರದ ಹಲಗೆಯ ಮೇಲೆ ಬ್ರೆಡ್ಡಿನ ಅಚ್ಚುಗಳನ್ನಿಟ್ಟು ಒಳಗೆ ತಳ್ಳಬೇಕು, ಹಿಂದಿನವನ್ನು ಮುಂದಕ್ಕೂ ಮುಂದಿನವನ್ನು ಹಿಂದಕ್ಕೂ ಸರಿಸಬೇಕು, ಬೆಂದದ್ದನ್ನು ಬಣ್ಣ ನೋಡಿ ಎಳೆಯಬೇಕು. ಬಾಗಿಲು ತೆಗೆದಾಗಲೆಲ್ಲ ಶಾಖ ನೇರವಾಗಿ ಹೊಟ್ಟೆಯ ಕೆಳಗೆ ಬಡಿಯುತ್ತದೆ. ದಪ್ಪ ಬಟ್ಟೆಯ ಏಪ್ರನ್ನು ಆ ಜಾಗದಲ್ಲಿ ಮಾತ್ರ ಕಂದು ಬಣ್ಣಕ್ಕೆ ತಿರುಗಿತ್ತು. ಬೆಳಕು ಹರಿಯುವ ಮೊದಲೇ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿದ್ದ. ಮೈಯೆಲ್ಲ ಬ್ರೆಡ್ಡಿನ ವಾಸನೆ ಇರುತ್ತಿದ್ದುದರಿಂದ ಬೀದಿನಾಯಿಗಳು ಅವನನ್ನು ಮರ್ಯಾದೆಯಿಂದ ಮನೆಯ ಮೆಟ್ಟಿಲವರೆಗೆ ಬಿಟ್ಟು ಹೋಗುತ್ತಿದ್ದವು.

ಮನೆ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ ಮತ್ತೊಂದು ಅಡುಗೆಮನೆ. ಅಲ್ಲಿ ಅವನ ಅಮ್ಮ ಇದ್ದಳು. ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು, ಹಾಗಾಗಿ ತನ್ನ ಲೆಕ್ಕದಲ್ಲಿ ಅರ್ಧ ಡಾಕ್ಟರು. ಹಿಂದಿನ ಬೀದಿಯಲ್ಲಿ ಅಕ್ಕ ಇದ್ದಳು. ಫೋನ್ ಕಂಪನಿಯಲ್ಲಿ ಕೂತು ಗಿರಾಕಿಗಳ ದೂರು ಕೇಳುವ ಕೆಲಸ ಅವಳದು. ದಿನವಿಡೀ ಊರವರಿಂದ ಬೈಸಿಕೊಂಡು ಸಂಜೆ ತಮ್ಮನ ಮನೆಗೆ ಬಂದು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದಳು. ಇನ್ನು ಹೆಂಡತಿ. ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಗಾಜನ್ನು ಅಳತೆಗೆ ಉಜ್ಜಿ ಚೌಕಟ್ಟಿಗೆ ಕೂರಿಸುತ್ತಿದ್ದಳು. ಮಾತು ಕಡಿಮೆ. ಅವನ ತಲೆಬುಡವಿಲ್ಲದ ಜೋಕುಗಳಿಗೆ ಆ ಮನೆಯಲ್ಲಿ ನಗುತ್ತಿದ್ದವಳು ಅವಳೊಬ್ಬಳೇ.

ಮದುವೆಯಾಗಿ ಆರು ವರ್ಷ ಕಳೆದರೂ ಮಕ್ಕಳಾಗಿರಲಿಲ್ಲ. ಎಲ್ಲ ಕಡೆಯೂ ಆಗುವ ಹಾಗೆ ಮೊದಲು ತಪಾಸಣೆ ಆದದ್ದು ಅವಳಿಗೇ. ಅತ್ತೆ ಸೊಸೆ ಇಬ್ಬರೂ ಒಬ್ಬ ಡಾಕ್ಟರಿಂದ ಇನ್ನೊಬ್ಬರ ಹತ್ತಿರ ಅಲೆದರು, ಸೂಜಿ ಚುಚ್ಚಿಸಿಕೊಂಡದ್ದು, ಸ್ಕ್ಯಾನ್ ಮಾಡಿಸಿಕೊಂಡದ್ದು ಎಲ್ಲ ಆಯಿತು. ಕೊನೆಗೆ ಒಬ್ಬ ಲೇಡಿ ಡಾಕ್ಟರು, ಇವಳಲ್ಲಿ ಹುಡುಕಿದ್ದು ಸಾಕು, ಯಜಮಾನರನ್ನು ಕಳಿಸಿ ಎಂದು ಗದರಿದರು. ಅಮ್ಮನಿಗೆ ಅದು ಹೊಳೆದೇ ಇರಲಿಲ್ಲ. ಬನ್ನಣ್ಣನಿಗೂ ಹೊಳೆದಿರಲಿಲ್ಲ. ಹೊಳೆದ ಮೇಲೆ ಅವನು ಮುಖ ಸಣ್ಣ ಮಾಡಿಕೊಳ್ಳಲಿಲ್ಲ, ಗಂಡಸುತನದ ಮಾತು ತೆಗೆಯಲಿಲ್ಲ. ಕ್ಷೌರದಂಗಡಿಗೆ ಹೋಗುವವನ ಹಾಗೆ ಎದ್ದು ಹೊರಟ. ಆಸ್ಪತ್ರೆಯಲ್ಲಿ ಕೈಗೆ ಒಂದು ಡಬ್ಬಿ ಕೊಟ್ಟು ಅವನನ್ನು ಕೋಣೆಯೊಳಗೆ ಬಿಟ್ಟರು. ಕೋಣೆಗೆ ಸರಿಯಾದ ಚಿಲಕವಿರಲಿಲ್ಲ. ಒಂದು ಕೈ ಬಾಗಿಲ ಮೇಲಿಟ್ಟುಕೊಂಡೇ ಹೇಗೋ ಮುಗಿಸಿ ಬಂದೆ ಎಂದು ಅವನು ಆಮೇಲೆ ಹೇಳಿದಾಗ ಹೆಂಡತಿ ಬಸ್ಸಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

ಪರೀಕ್ಷೆಯ ಫಲ ಹೇಳಿದ ಡಾಕ್ಟರಿಗೆ ಅವತ್ತು ಉಸಿರಾಡಲು ಪುರುಸೊತ್ತಿರಲಿಲ್ಲ. ವೀರ್ಯಾಣುಗಳ ಸಂಖ್ಯೆಗೆ ತೊಂದರೆಯಿಲ್ಲ, ಓಟ ಮಾತ್ರ ಸಾಲದು ಎಂದರು. ಆಮೇಲೆ, ‘ಆಕ್ಸಿಡೇಟಿವ್ ಸ್ಟ್ರೆಸ್ ಜಾಸ್ತಿ ಇದೆ, ಅದನ್ನ ಕಡಿಮೆ ಮಾಡ್ಕೋಬೇಕು’ ಎಂದರು. ಅಷ್ಟರಲ್ಲಿ ಫೋನ್ ಬಂತು, ಮೇಲೆ ಯಾರಿಗೋ ತುರ್ತು ಆಪರೇಷನ್ ಅಂತೆ, ಎದ್ದೇ ಹೋದರು. ಮಾತ್ರೆ ಹೇಗೆ ನುಂಗಬೇಕು, ಮೂರು ತಿಂಗಳು ಬಿಟ್ಟು ಯಾವ ದಿನ ಬರಬೇಕು ಎಂಬುದನ್ನು ಹೊರಗೆ ಕೂತಿದ್ದ ಹುಡುಗಿ ಹೇಳಿದಳು.

ಗಂಡ ಹೆಂಡತಿ ಇಬ್ಬರಿಗೂ ಆ ವಾಕ್ಯದ ಮೊದಲ ಪದ ಕಿವಿಯ ಪಕ್ಕದಲ್ಲೇ ಹಾದುಹೋಗಿತ್ತು. ಎರಡನೆಯದು ಗೊತ್ತಿದ್ದ ಪದ, ಅದು ಒಳಗೆ ಕೂತುಕೊಂಡಿತು. ಹಿಂದಿರುಗುವ ಬಸ್ಸಿನಲ್ಲಿ ಅವಳು, ರೀ, ನಿಮ್ಮ ಮನಸ್ಸಿನಲ್ಲಿ ಏನಾದರೂ ಇದೆಯಾ ಎಂದು ಕೇಳಿದಳು. ಅವನು ಪ್ರಾಮಾಣಿಕವಾಗಿ ಹುಡುಕಿ ನೋಡಿ, ಹಸಿವಾಗಿದೆ ಎಂದ. ಅವಳು ನಗಲಿಲ್ಲ.

ಆ ಪದಕ್ಕೆ ಅರ್ಥ ಹೇಳಿದವಳು ಅಕ್ಕ. ಅವಳ ಕಂಪನಿಯಲ್ಲಿ ಸ್ಟ್ರೆಸ್ಸಿನ ಬಗ್ಗೆ ಒಂದು ದಿನದ ತರಬೇತಿ ಕೊಟ್ಟು, ಎಲ್ಲರ ಕೈಯಲ್ಲೂ ಬಲೂನು ಊದಿಸಿ ಒಡೆಸಿದ್ದರು. ಆ ದಿನದಿಂದ ಅವಳು ಆ ವಿಷಯದಲ್ಲಿ ಪಂಡಿತೆ. ಸ್ಟ್ರೆಸ್ ಅಂದರೆ ಟೆನ್ಷನ್, ಎಲ್ಲರಿಗೂ ಅದು ಹೊರಗೆ ಕಾಣುವುದಿಲ್ಲ, ನಗುನಗುತ್ತಾ ಇರುವವರಲ್ಲೇ ಒಳಗೆ ಕುದಿಯುತ್ತಿರುತ್ತದೆ, ದುಃಖ ಒಂದೇ ಅಲ್ಲ, ತೀರಾ ಸಂತೋಷವಾದರೂ ಮೈಗೆ ಅದು ಸ್ಟ್ರೆಸ್ಸೇ ಎಂದೆಲ್ಲ ವಿವರಿಸಿದಳು. ಅಮ್ಮ ಕೇಳುತ್ತ ಕೇಳುತ್ತ ಕಣ್ಣೊರೆಸಿಕೊಂಡಳು. ಮಗ ಇಷ್ಟು ವರ್ಷ ನಗುತ್ತಾ ಇದ್ದದ್ದನ್ನು ನೋಡಿ ತಾನು ನಿಶ್ಚಿಂತೆಯಿಂದ ಇದ್ದುಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡಳು. ಅಂದೇ ಮೂವರು ಹೆಂಗಸರೂ ಸೇರಿ ಒಂದು ತೀರ್ಮಾನಕ್ಕೆ ಬಂದರು. ಇನ್ನು ಮುಂದೆ ಆ ಮನೆಯಲ್ಲಿ ಬನ್ನಣ್ಣನ ಕಿವಿಗೆ ಯಾವ ಕೆಟ್ಟ ಸುದ್ದಿಯೂ ಬೀಳಕೂಡದು. ಒಳ್ಳೆಯ ಸುದ್ದಿಯನ್ನೂ ನೋಡಿಕೊಂಡು ಹೇಳಬೇಕು.

ಆಮೇಲೆ ಶುರುವಾಯಿತು ಅವನ ರಾಜಭೋಗ. ಟಿವಿಯಲ್ಲಿ ವಾರ್ತೆ ಬಂದರೆ ಅಮ್ಮ ರಿಮೋಟಿಗೆ ಹಾರುತ್ತಿದ್ದಳು. ಅಡುಗೆಮನೆಯ ಸೂರು ಸೋರತೊಡಗಿದಾಗ ಅವನು ಮನೆಗೆ ಬರುವಷ್ಟರಲ್ಲಿ ಬಕೆಟ್ಟು ಎತ್ತಿ ನೆಲ ಒರೆಸಿರುತ್ತಿದ್ದರು. ಅವನನ್ನು ಎತ್ತಿ ಆಡಿಸಿದ್ದ ಸೋದರಮಾವ ತೀರಿಕೊಂಡರು; ಅಮ್ಮ ಮಗಳ ಜೊತೆ ಹೋಗಿ ಮಣ್ಣು ಮಾಡಿ ಬಂದು, ಮದುವೆಗೆ ಹೋಗಿದ್ದೆವು ಎಂದಳು. ಯಾರ ಮದುವೆ ಎಂದು ಇವನು ಕೇಳಲಿಲ್ಲ, ಊಟ ಹೇಗಿತ್ತು ಎಂದು ಕೇಳಿದ. ಅಕ್ಕ ಡಾಕ್ಟರು ಬರೆದ ಮಾತ್ರೆ ಸಾಲದು ಎಂದು ತಾನೇ ಇನ್ನೊಂದು ಬಾಟಲಿ ವಿಟಮಿನ್ನು ತಂದು ಕೊಟ್ಟಳು. ಅಮ್ಮ ಬೇಕರಿಗೂ ಹೋಗಿ ಮಾಲೀಕರನ್ನು ಕಂಡು, ನನ್ನ ಮಗನನ್ನು ಬೈಯಬೇಡಿ ಎಂದು ಕೇಳಿಕೊಂಡಳು. ಮಾರನೆಯ ದಿನದಿಂದ ಮಾಲೀಕರು ಅವನ ಜೊತೆ ಜೇನಿನಂತೆ ಮಾತಾಡತೊಡಗಿದರು. ಹುಟ್ಟಾ ಬೈಗುಳದ ಮನುಷ್ಯ ಹೀಗೆ ಮಾತಾಡಿದ್ದು ಕೇಳಿ ಬನ್ನಣ್ಣ ಹೆದರಿದ. ತನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದೇ ಅವನು ತಿಳಿದ.

ಒಲೆಯ ಬಾಯಿಂದ ಸ್ವಲ್ಪ ಈಚೆ ಬಾ ಎಂದು ಮಾತ್ರ ಯಾರೂ ಹೇಳಲಿಲ್ಲ. ಟೆನ್ಷನ್ನಿಗೂ ಒಲೆಗೂ ಏನು ಸಂಬಂಧ?

ಮೊದಮೊದಲು ಅವನಿಗೆ ಇದೆಲ್ಲ ಹಿತವಾಗಿಯೇ ಇತ್ತು. ಸ್ವಲ್ಪ ದಿನದಲ್ಲಿ ಕಸಿವಿಸಿ ಶುರುವಾಯಿತು. ಅವನು ಕೋಣೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು, ಎಲ್ಲರೂ ಒಟ್ಟಿಗೆ ಅವನ ಕಡೆ ತಿರುಗಿ ನಗುತ್ತಿದ್ದರು. ತನ್ನ ಮನೆಯಲ್ಲೇ ತಾನು ನೆಂಟನಾಗಿದ್ದೇನೆ ಅನ್ನಿಸಿತು. ಡಾಕ್ಟರೇ ಇದೆ ಎಂದಮೇಲೆ ತನ್ನೊಳಗೆ ಎಲ್ಲೋ ಒಂದು ಚಿಂತೆ ಇರಲೇಬೇಕು ಎಂದು ಒಲೆಯ ಮುಂದೆ ನಿಂತು ಹುಡುಕತೊಡಗಿದ. ಅಪ್ಪ ಸತ್ತದ್ದೇ? ಅದಕ್ಕೆ ಆಗಲೇ ಅತ್ತು ಮುಗಿಸಿದ್ದ. ಓದು ಬಿಟ್ಟದ್ದೇ? ಅದರಿಂದ ಅವನಿಗೂ ಸಂತೋಷವಾಗಿತ್ತು, ಮೇಷ್ಟರಿಗೂ ಆಗಿತ್ತು. ಸಿಗದ ಚಿಂತೆಯನ್ನು ಹುಡುಕಿ ಹುಡುಕಿ ಅವನಿಗೆ ನಿಜವಾಗಿಯೂ ಚಿಂತೆ ಹತ್ತಿತು, ಎರಡು ಸಲ ಬ್ರೆಡ್ಡು ಹೊತ್ತಿಸಿದ. ಮಾಲೀಕರು ಪರವಾಗಿಲ್ಲ ಬಿಡಪ್ಪ ಎಂದರು. ಅವನಿಗೆ ಇನ್ನಷ್ಟು ಹೆದರಿಕೆಯಾಯಿತು.

ಹೆಂಡತಿ ಅವನಿಗೆ ಮೊದಲಿಗಿಂತ ಹೆಚ್ಚು ನಗುತ್ತಿರುವ ಹಾಗೆ ಕಂಡಳು. ನಡುವೆ ಒಂದು ವಾರ ಜ್ವರ ಎಂದು ರಜೆ ಹಾಕಿ ಮಲಗಿದ್ದಳು. ಅಮ್ಮನೇ ಪಕ್ಕದಲ್ಲಿ ಮಲಗಿ ನೋಡಿಕೊಂಡಳು, ಇವನಿಗೆ ಅಂಟೀತು ಎಂದು ಆಚೆ ಕೋಣೆಯಲ್ಲಿ ಹಾಸಿಕೊಟ್ಟರು. ಎದ್ದು ಓಡಾಡತೊಡಗಿದಾಗ ಮುಖ ಬಿಳಿಚಿಕೊಂಡಿತ್ತು. ಅವನು ಅವಳಿಗಿಷ್ಟ ಎಂದು ಕ್ರೀಮು ಬನ್ನು ಕಟ್ಟಿಸಿಕೊಂಡು ಬಂದು ಕೊಟ್ಟ, ಹಿಟ್ಟು ನಾದುವವನ ಮೀಸೆಗೆ ಹಿಟ್ಟು ಅಂಟಿಕೊಂಡ ಕತೆ ಹೇಳಿದ. ಅವಳು ಪೂರ್ತಿ ತಿಂದಳು, ಪೂರ್ತಿ ನಕ್ಕಳು.

ಮೂರು ತಿಂಗಳು ಕಳೆದು ಮತ್ತೆ ಹೋದಾಗ ಡಾಕ್ಟರಿಗೆ ಪುರುಸೊತ್ತಿತ್ತು. ಎರಡನೇ ಪರೀಕ್ಷೆಯಲ್ಲೂ ಏನೂ ಸುಧಾರಿಸಿರಲಿಲ್ಲ. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು, ಸ್ಟ್ರೆಸ್ ಕಡಿಮೆ ಮಾಡಿಕೊಳ್ಳಲು ಏನೇನು ಮಾಡಿದಿರಿ ಎಂದು ಕೇಳಿದರು. ಬನ್ನಣ್ಣ ಬಹಳ ವಿಧೇಯತೆಯಿಂದ ಹೇಳುತ್ತ ಹೋದ. ವಾರ್ತೆ ನೋಡುವುದಿಲ್ಲ, ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ, ಕೆಲಸದಲ್ಲೂ ಯಾರೂ ಬೈಯುವುದಿಲ್ಲ, ಅಕ್ಕ ತಂದ ಬಾಟಲಿಯ ವಿಟಮಿನ್ನನ್ನೂ ನುಂಗುತ್ತೇನೆ, ಆದರೂ ಒಳಗೆ ಯಾವ ಚಿಂತೆ ಇದೆಯೋ ಸಿಗುತ್ತಿಲ್ಲ ಸಾರ್ ಎಂದ. ಡಾಕ್ಟರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಯಾವ ಕೆಲಸ ಮಾಡುತ್ತೀರಿ ಎಂದು ಕೇಳಿದರು. ಒಲೆ ಎಂದು ಕೇಳಿ, ಅದರ ಬಾಯಿ ಎಷ್ಟು ಎತ್ತರಕ್ಕಿದೆ ಎಂದರು. ಅವನು ಎದ್ದು ನಿಂತು ತೋರಿಸಿದ.

‘ತಪ್ಪು ನನ್ನದು, ಅವತ್ತು ಬಿಡಿಸಿ ಹೇಳಬೇಕಿತ್ತು,’ ಎಂದರು ಡಾಕ್ಟರು. ‘ಇದು ಮನಸ್ಸಿನ ಸ್ಟ್ರೆಸ್ ಅಲ್ಲಪ್ಪಾ. ನಿಮ್ಮ ತಲೆಗೂ ಇದಕ್ಕೂ ಸಂಬಂಧವೇ ಇಲ್ಲ.’

ಆಮೇಲೆ ಅವರು ನಿಧಾನವಾಗಿ ಹೇಳಿದರು. ನಾವು ಉಸಿರಾಡುವ ಆಕ್ಸಿಜನ್ ಮೈಯೊಳಗೆ ಉರಿದು ಶಕ್ತಿ ಕೊಡುವಾಗ ಅದರಿಂದಲೇ ಒಂದು ಜಾತಿಯ ಪುಂಡ ಕಣಗಳು ಹುಟ್ಟುತ್ತವೆ. ಅವು ಸುಮ್ಮನಿರುವ ಜಾತಿಯಲ್ಲ, ಎದುರಿಗೆ ಸಿಕ್ಕಿದ್ದಕ್ಕೆ ತಗುಲಿಕೊಂಡು ಕೆಡಿಸುತ್ತವೆ. ಅವನ್ನು ಹದ್ದುಬಸ್ತಿನಲ್ಲಿಡುವ ವ್ಯವಸ್ಥೆಯೂ ಮೈಯಲ್ಲೇ ಇದೆ. ಶಾಖ, ಹೊಗೆ, ಸೋಂಕು ಇಂಥವು ಅತಿಯಾದಾಗ ಪುಂಡರ ಕೈ ಮೇಲಾಗುತ್ತದೆ, ಅದಕ್ಕೇ ಆಕ್ಸಿಡೇಟಿವ್ ಸ್ಟ್ರೆಸ್ ಎಂದು ಹೆಸರು. ವೀರ್ಯಾಣು ಪಾಪದ ಪ್ರಾಣಿ. ಅದರ ಹೊರಪೊರೆ ಬೇಗ ಕೆಡುವ ಕೊಬ್ಬಿನದು, ಕೆಟ್ಟರೆ ರಿಪೇರಿ ಮಾಡಿಕೊಳ್ಳುವ ಸಾಮಾನು ಅದರ ಹತ್ತಿರ ಇಲ್ಲವೆಂದೇ ಹೇಳಬೇಕು. ಪೊರೆ ಕೆಟ್ಟರೆ ಬಾಲದ ಬೀಸು ಸೋಲುತ್ತದೆ. ಪುಂಡರು ತಲೆಯ ತನಕ ಹೋದರೆ ಒಳಗಿರುವ ಡಿಎನ್‌ಎಯೇ ತುಂಡಾಗುತ್ತದೆ. ಹಾಗಂತ ಅವು ಒಂದೂ ಇರಬಾರದು ಎಂದರೆ ಅದೂ ನಡೆಯುವುದಿಲ್ಲ. ಅಂಡದ ಹತ್ತಿರ ಬಂದಾಗ ಬಾಲ ರಭಸದಿಂದ ಬೀಸಲು, ಅಂಡದ ಪೊರೆ ದಾಟಿ ಒಳಗೆ ಹೋಗಲು ವೀರ್ಯಾಣುವನ್ನು ತಯಾರು ಮಾಡುವುದೂ ಅವೇ ಕಣಗಳು. ಸ್ವಲ್ಪ ಇರಲೇಬೇಕು, ವಿಟಮಿನ್ನು ಅತಿಯಾದರೆ ಅಷ್ಟನ್ನೂ ಅಳಿಸಿಬಿಡುತ್ತದೆ. ಆದ್ದರಿಂದ ನಿಮ್ಮಕ್ಕ ಕೊಟ್ಟ ಬಾಟಲಿ ಇವತ್ತೇ ನಿಲ್ಲಿಸಿ, ಒಲೆ ಬಿಟ್ಟು ಬೇರೆ ಕೆಲಸ ಕೇಳಿ, ಹೊಸ ವೀರ್ಯಾಣು ತಯಾರಾಗಲು ಎರಡು ಮೂರು ತಿಂಗಳು ಬೇಕು, ಕಾಯೋಣ ಎಂದರು.

ಬನ್ನಣ್ಣನಿಗೆ ಅರ್ಧ ಅರ್ಥವಾಯಿತು, ಅಷ್ಟೇ ಸಾಕಾಯಿತು. ಹಾಗಾದರೆ ನನಗೆ ಟೆನ್ಷನ್ ಇಲ್ಲವಾ ಸಾರ್ ಎಂದು ಕೇಳಿದ. ಇಲ್ಲ ಎಂದರು. ಅವನು ನಗತೊಡಗಿದ. ಮೂರು ತಿಂಗಳಿಂದ ಒಳಗೆ ಕಟ್ಟಿಕೊಂಡಿದ್ದದ್ದೆಲ್ಲ ಹೊರಗೆ ಬರುವ ಹಾಗೆ, ಮೇಜು ತಟ್ಟಿ ತಟ್ಟಿ ನಕ್ಕ. ಡಾಕ್ಟರಿಗೂ ನಗು ಬಂತು. ಅವರು ನಗುತ್ತಲೇ ಅವನ ಹೆಂಡತಿಯ ಕಡೆ ತಿರುಗಿ, ಡಿಎನ್‌ಎ ಹೀಗೆ ತುಂಡಾಗಿದ್ದರೆ ಕೆಲವರಿಗೆ ಗರ್ಭ ನಿಂತರೂ ಬೇಗ ಹೋಗಿಬಿಡುತ್ತದೆ, ಅಂಥದ್ದೇನಾದರೂ ಆಗಿತ್ತೇ ಎಂದು ಕೇಳಿದರು.

ಅದಕ್ಕೆ ಅವಳು ಬೇರೆಯೇ ಒಂದನ್ನು ಕೇಳಿದಳು.

‘ಹಾಗಾದ್ರೆ... ಇವರಿಗೆ ಹೇಳಬಹುದಿತ್ತಾ?’

ಬನ್ನಣ್ಣನ ನಗು ಇನ್ನೂ ಪೂರ್ತಿ ನಿಂತಿರಲಿಲ್ಲ. ಏನನ್ನು ಎಂದು ಕೇಳಿದ.

ಅವಳು ಡಾಕ್ಟರ ಮೇಜನ್ನು ನೋಡುತ್ತ ಹೇಳಿದಳು. ನಡುವೆ ಒಮ್ಮೆ ಮುಟ್ಟು ನಿಂತಿತ್ತು. ಅಂಗಡಿಯ ಬಚ್ಚಲಲ್ಲೇ ಪರೀಕ್ಷೆ ಮಾಡಿಕೊಂಡಳು, ಹೌದೆಂದು ತೋರಿಸಿತು. ಮನೆಗೆ ಬಂದು ಮೊದಲು ಅತ್ತೆಗೆ ಹೇಳಿದಳು, ಅತ್ತಿಗೆಗೆ ಹೇಳಿದಳು. ಗಂಡನಿಗೆ ಹೇಳಲು ಓಡಿದವಳನ್ನು ಅವರಿಬ್ಬರೂ ತಡೆದರು. ಏಕಾಏಕಿ ಅಷ್ಟು ದೊಡ್ಡ ಸಂತೋಷ ಬೇಡ, ಸ್ವಲ್ಪ ದಿನ ಹೋಗಲಿ ಎಂದರು. ಅವಳಿಗೂ ಸರಿ ಅನ್ನಿಸಿತು. ಹಾಗೆ ಹೇಳದೆ ಉಳಿದ ದಿನಗಳಲ್ಲೇ ಒಂದು ಮಧ್ಯಾಹ್ನ ಅದು ಹೋಯಿತು. ಜ್ವರ ಎಂದು ಮಲಗಿದ್ದ ವಾರ ಅದು.

ಗರ್ಭ ಹೋಗುವುದಕ್ಕೆ ನೂರು ಕಾರಣ ಇರುತ್ತವೆ, ಇದೇ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ, ನೀವಿಬ್ಬರೂ ನಿಮ್ಮನ್ನೇ ದೂಷಿಸಿಕೊಳ್ಳಬೇಡಿ ಎಂದು ಡಾಕ್ಟರು ಮೆತ್ತಗೆ ಹೇಳುತ್ತಿದ್ದರು. ಬನ್ನಣ್ಣನಿಗೆ ಅದು ಕೇಳಿಸಲಿಲ್ಲ. ಅವನಿಗೆ ಹಿಟ್ಟು ಅಂಟಿದ ಮೀಸೆಯ ಕತೆ ನೆನಪಾಗಿತ್ತು, ಅದನ್ನು ಕೇಳಿ ಅವಳು ಪೂರ್ತಿ ನಕ್ಕಿದ್ದು ನೆನಪಾಗಿತ್ತು. 

ಹೊರಗೆ ಬಂದ ಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವಳೂ ಪಕ್ಕದಲ್ಲಿ ಕೂತಳು. ಬರುವವರು ಹೋಗುವವರು ಇವರನ್ನು ಬಳಸಿಕೊಂಡು ನಡೆಯುತ್ತಿದ್ದರು.

‘ಅವತ್ತು ನಾನೇನ್ ಮಾಡ್ತಿದ್ದೆ?’ ಎಂದು ಕೇಳಿದ.

‘ಕೆಲಸದಿಂದ ಬಂದು ಮಲಗಿದ್ರಿ. ಎಬ್ಬಿಸೋಣ ಅಂತ ನಿಮ್ಮ ಕೋಣೆ ಬಾಗಿಲ ತನಕ ಬಂದೆ. ಅತ್ತೆ ಬೇಡ ಅಂತ ಕೈಸನ್ನೆ ಮಾಡಿದ್ರು.’ ಮತ್ತೆ ಹೇಳಿದಳು, ‘ತುಂಬಾ ಹೊತ್ತು ಬಾಗಿಲಲ್ಲೇ ನಿಂತಿದ್ದೆ ರೀ.’

ಅವನು ಅವಳ ಕೈ ಹಿಡಿದುಕೊಂಡ.  ಬೆಂಕಿಯ ಮುಂದೆ ನಿಂತೂ ನಿಂತೂ ಗಟ್ಟಿಯಾಗಿದ್ದ ಅಂಗೈ ಅದು, ಅವಳಿಗೆ ನೋಯುವಷ್ಟು ಬಿಗಿಯಾಗಿ ಹಿಡಿದಿದ್ದ. ಅವಳು ಬಿಡಿಸಿಕೊಳ್ಳಲಿಲ್ಲ.

ಮನೆಗೆ ಹೋದವನೇ ಬನ್ನಣ್ಣ ಜೀವಮಾನದಲ್ಲಿ ಮೊದಲ ಸಲ ಕೂಗಾಡಿದ. ಕೆಳಗೆ ಸೈಕಲ್ ಅಂಗಡಿಯವನು ಸುತ್ತಿಗೆ ನಿಲ್ಲಿಸಿ ಮೇಲೆ ನೋಡಿದ. ನನ್ನ ಮಗು ಹೋದರೆ ಅಳುವುದಕ್ಕೆ ನನಗೆ ಹಕ್ಕಿಲ್ಲವೇ, ನೀವು ಮೂವರೂ ಗೋಡೆಯಾಚೆ ಅಳುತ್ತಿದ್ದರೆ ನಾನೊಬ್ಬ ಈಚೆ ಗೊರಕೆ ಹೊಡೆಯುತ್ತಿದ್ದೆನೇ, ನಿಮಗೆಲ್ಲ ನಾನು ಏನು, ಕಿಟಕಿಯಲ್ಲಿಟ್ಟ ಗೊಂಬೆಯೇ ಎಂದ. ಅಮ್ಮ, ನಿನಗೆ ನೋವಾಗಬಾರದು ಅಂತ ಕಣೋ ಎಂದಷ್ಟೇ ಹೇಳಿ ನೆಲಕ್ಕೆ ಕೂತಳು. ಅಕ್ಕನ ಮುಖದಲ್ಲಿ ಪಾಂಡಿತ್ಯದ ಗುರುತೇ ಇರಲಿಲ್ಲ. ಅವರನ್ನು ದೂರುವುದು ಸುಲಭ. ಆದರೆ ಮೂವರೂ ಒಂದೊಂದು ಮಾತು ನುಂಗಿದ್ದು ಅವನ ಮೇಲಿನ ಅಕ್ಕರೆಯಿಂದಲೇ. ಅದು ಅವನಿಗೂ ಗೊತ್ತಿತ್ತು, ಅದಕ್ಕೇ ಕೂಗಾಟ ಹೆಚ್ಚು ಹೊತ್ತು ನಡೆಯಲಿಲ್ಲ.

ಕೂಗಿ ಸುಸ್ತಾದ ಮೇಲೆ, ಇನ್ನೇನೇನು ಮುಚ್ಚಿಟ್ಟಿದ್ದೀರಿ ಎಲ್ಲ ಹೇಳಿ ಎಂದು ಗೋಡೆಗೆ ಒರಗಿ ಕೂತ. ಸೂರು ಸೋರುತ್ತಿದೆ ಎಂದರು. ಅಕ್ಕನ ಗಂಡನಿಗೆ ಬೇರೆ ಊರಿಗೆ ವರ್ಗವಾಗಿದೆ ಎಂದರು. ಸೋದರಮಾವ ತೀರಿಕೊಂಡರು ಎಂದರು. ಅವನು ಗಾಬರಿಯಿಂದ, ನೀವು ಮದುವೆಗೆ ಹೋಗಿದ್ದಿರಲ್ಲ ಎಂದ. ಅಮ್ಮ ತಲೆ ತಗ್ಗಿಸಿದಳು. ಆ ಅಳುವಿನ ನಡುವೆಯೂ ಅಕ್ಕನಿಗೆ ಕಿಸಕ್ಕನೆ ನಗು ಬಂತು, ಅಮ್ಮನಿಗೂ ಬಂತು. ನಗುವವರ ಮಧ್ಯೆ ಕೂತು ಬನ್ನಣ್ಣ ಮಾವನಿಗೂ ಮಗುವಿಗೂ ಸೇರಿಸಿ ಅತ್ತ. ಅವನು ಅಳುವುದನ್ನು ನೋಡಿ ಹೆಂಡತಿ ದನಿ ತೆಗೆದು ಅತ್ತಳು. ಗರ್ಭ ಹೋದ ಮಧ್ಯಾಹ್ನದಿಂದ ಅವಳು ದನಿ ತೆಗೆದು ಅತ್ತದ್ದು ಅದೇ ಮೊದಲು. ಗಂಡನ ನಿದ್ದೆ ಕೆಟ್ಟೀತು ಎಂದು ಅವಳು ಅಲ್ಲಿಯವರೆಗೆ ದಿಂಬು ಕಚ್ಚಿಕೊಂಡೇ ಅತ್ತಿದ್ದಳು.

ಮಾರನೆಯ ದಿನ ಮಾಲೀಕರ ಹತ್ತಿರ ಹೋಗಿ ಒಲೆ ಬಿಡುತ್ತೇನೆ ಎಂದ. ಕಾರಣವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಅಲ್ಲೇ ಇದ್ದ ಹಿಟ್ಟು ನಾದುವವನು, ನನಗೆ ಮೊಮ್ಮಕ್ಕಳೇ ಆಗಿದ್ದಾರೆ, ನಂದು ಎಷ್ಟು ಬೇಕಾದರೂ ಬೇಯಲಿ ಎಂದು ಹಲಗೆ ಕೈಗೆತ್ತಿಕೊಂಡ. ಬನ್ನಣ್ಣ ಹಿಟ್ಟಿನ ಮೇಜಿಗೆ ಬಂದ. ಮೊದಲ ವಾರ ಅವನು ನಾದಿದ ಹಿಟ್ಟು ಉಬ್ಬಲೇ ಇಲ್ಲ, ಮಾಲೀಕರು ಬಾಯಿಗೆ ಬಂದ ಹಾಗೆ ಬೈದರು. ಅದನ್ನು ಅವನು ಮನೆಗೆ ಬಂದು ಒಂದಕ್ಷರ ಬಿಡದೆ ಹೇಳಿದ. ಹೆಂಡತಿಯೂ ಅವತ್ತು ತಾನು ಯಾರದೋ ಕನ್ನಡಕದ ಗಾಜು ಒಡೆದದ್ದನ್ನು ಹೇಳಿದಳು. ಹೀಗೆ ಹೇಳಿಕೊಳ್ಳುವುದು ಇಬ್ಬರಿಗೂ ಮೊದಮೊದಲು ನಾಚಿಕೆಯಾಗುತ್ತಿತ್ತು, ಆಮೇಲೆ ರೂಢಿಯಾಯಿತು.

ಮುಂದಿನ ಪರೀಕ್ಷೆಯಲ್ಲಿ ಓಟ ಸುಧಾರಿಸಿತ್ತು. ಅದಾಗಿ ಸ್ವಲ್ಪ ಕಾಲದಲ್ಲಿ ಅವಳ ಮುಟ್ಟು ಮತ್ತೆ ನಿಂತಿತು. ಈ ಸಲ ಅವಳು ನೇರವಾಗಿ ಬೇಕರಿಗೆ ಹೋಗಿ, ಹಿಟ್ಟಿನ ಕೈಯಲ್ಲೇ ಅವನನ್ನು ಹೊರಗೆ ಕರೆದು ಹೇಳಿದಳು. ಮನೆಗೆ ಹೋಗುವಾಗ ಅವಳ ಎರಡೂ ಭುಜದ ಮೇಲೆ ಬಿಳಿ ಬೆರಳಚ್ಚು ಇದ್ದವು.

ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವಳು ಅವನ ಭುಜ ಹಿಡಿದು ಅಲುಗಾಡಿಸಿದಳು. ರೀ, ಏಳಿ, ಸ್ವಲ್ಪ ರಕ್ತ ಕಾಣಿಸಿಕೊಂಡಿದೆ, ಭಯ ಆಗುತ್ತಿದೆ ಎಂದಳು. ಅವನು ಅಂಗಿಯನ್ನು ತಿರುಗಾಮುರುಗಾ ಹಾಕಿಕೊಂಡೇ ಓಡಿದ. ಮಗು ಉಳಿಯಿತೇ ಎಂದು ಓದುವವರೂ ಈಗ ಕೇಳುತ್ತಿರಬಹುದು. ಮುಚ್ಚಿಟ್ಟರೆ ಏನಾಗುತ್ತದೆ ಎಂದು ನೋಡಿದ್ದಾಯಿತಲ್ಲ, ಆದ್ದರಿಂದ ಹೇಳಿಬಿಡುವುದೇ ವಾಸಿ: ಉಳಿಯಿತು. ಹೆಣ್ಣು ಮಗು, ಅಪ್ಪನ ಮೂಗು. ಆದರೆ ಆ ಮಧ್ಯಾಹ್ನ ಅದು ಅವರಿಬ್ಬರಿಗೂ ಗೊತ್ತಿರಲಿಲ್ಲ.

ಸ್ಕ್ಯಾನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಬನ್ನಣ್ಣ ಗೋಡೆಯ ಮೇಲಿನ ಬೋರ್ಡನ್ನೇ ಮತ್ತೆ ಮತ್ತೆ ಓದುತ್ತಿದ್ದ.  ಹೆಂಡತಿಯ ಕೈಯನ್ನು ಒಮ್ಮೆ ಹಿಡಿಯುವುದು, ಬೆವರು ಒರೆಸಿಕೊಳ್ಳಲು ಬಿಡುವುದು, ಮತ್ತೆ ಹಿಡಿಯುವುದು ಮಾಡುತ್ತಿದ್ದ. ಅಂದು ಮೂರು ತಿಂಗಳು ಹುಡುಕಿದರೂ ಸಿಗದಿದ್ದ ಚಿಂತೆ ಅವನಿಗೆ ಈಗ ಮೈತುಂಬ ಸಿಕ್ಕಿತ್ತು. ಬಾಗಿಲು ತೆರೆದು ನರ್ಸ್ ಹೊರಗೆ ಬಂದಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅವನ ಹೆಂಡತಿಗೆ ಮೆಲ್ಲಗೆ ಹೇಳಿದಳು, ‘ನೀವೊಬ್ಬರೇ ಬನ್ನಿ. ಅವರು ಇಲ್ಲೇ ಇರಲಿ, ಪಾಪ ತುಂಬಾ ಟೆನ್ಷನ್ ಮಾಡ್ಕೊಂಡಿರೋ ಹಾಗಿದೆ.’

‘ಮಾಡ್ಕೊಳ್ಳಲಿ ಬಿಡಿ,’ ಎಂದಳು ಹೆಂಡತಿ, ‘ಒಳಗೆ ಬರಲಿ.’

ಅವನು ಅವಳ ಹಿಂದೆ ಒಳಗೆ ಹೋದ.